ಹಣಿಗಿ ಹಿಡಿದ ಕೈ

ನಾನು ಒಂದು ಹೇರ್ ಡ್ರೈಯರ್. ನನ್ನ ಹೊಟ್ಟೆಯಲ್ಲಿ ಹೆಚ್ಚೇನೂ ಇಲ್ಲ. ಒಂದು ಪುಟ್ಟ ಫ್ಯಾನು, ಅದರ ಮುಂದೆ ಸುರುಳಿ ಸುತ್ತಿದ ತಂತಿ. ತಂತಿ ಕಾಯುತ್ತದೆ, ಫ್ಯಾನು ಊದುತ್ತದೆ. ನನ್ನ ವಿದ್ಯೆ ಅಷ್ಟೇ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಒಬ್ಬ ಹೆಂಗಸು ನನ್ನ ಮೈಯ ಎರಡು ಹೋಳುಗಳನ್ನು ಕೂಡಿಸಿ ಸ್ಕ್ರೂ ತಿರುಗಿಸಿದಳು. ಒಮ್ಮೆ ನನ್ನನ್ನು ಕೆನ್ನೆಯ ಹತ್ತಿರ ಹಿಡಿದು ಬಿಸಿ ಬರುತ್ತದೆಯೇ ಎಂದು ನೋಡಿದಳು. ಬಂತು. ಡಬ್ಬಿಗೆ ಹಾಕಿದಳು. ನಾನು ಹುಟ್ಟಿದ್ದು ಹೀಗೆ. ಅವಳ ಮುಖ ನನಗೆ ನೆನಪಿಲ್ಲ. ನನ್ನದು ಅವಳಿಗೂ ನೆನಪಿರಲಿಕ್ಕಿಲ್ಲ.

ಮೊದಲು ನಾನು ಹುಬ್ಬಳ್ಳಿಯ ಒಂದು ದೊಡ್ಡ ಬ್ಯೂಟಿ ಪಾರ್ಲರಿನಲ್ಲಿದ್ದೆ. ಅಲ್ಲಿ ಮದುವಣಗಿತ್ತಿಯರ ತಲೆಗಳೇ ಹೆಚ್ಚು. ಮದುವೆಯ ದಿನ ಹುಡುಗಿಯರು ಎಷ್ಟು ಹೆದರಿರುತ್ತಾರೆ ಎಂಬುದು ಅವರ ತಲೆಯ ಹಿಂದೆ ನಿಂತವರಿಗೆ ಮಾತ್ರ ಗೊತ್ತು. ಕುತ್ತಿಗೆ ಬೆವರಿರುತ್ತದೆ. ಕನ್ನಡಿಗೆ ಮಾತ್ರ ನಗು. ಒಂದು ಲಗ್ನದ ದಿನ ಗಡಿಬಿಡಿಯಲ್ಲಿ ಯಾರೋ ನನ್ನನ್ನು ಕೆಳಗೆ ಬೀಳಿಸಿದರು. ನನ್ನ ಮೂಗು ಒಡೆಯಿತು. ಗಾಳಿ ಬರುತ್ತಿತ್ತು, ಆದರೆ ಮೂಗು ಒಡೆದ ಡ್ರೈಯರನ್ನು ಮದುಮಗಳ ತಲೆಗೆ ಹಿಡಿಯುವ ಹಾಗಿರಲಿಲ್ಲ. ಆಗ ಅಲ್ಲಿ ಮೀನಾಕ್ಷಿ ಎಂಬಾಕೆ ಕೆಲಸ ಕಲಿಯುತ್ತಿದ್ದಳು. ಊರಿಗೆ ಹೋಗಿ ತನ್ನದೇ ಪಾರ್ಲರ್ ಇಡುತ್ತೇನೆ ಎಂದಳು. ಮಾಲಕಿ ನನ್ನನ್ನು ಅವಳ ಚೀಲಕ್ಕೆ ಹಾಕಿದಳು.

"ಒಯ್ಯವಾ. ನಿಮ್ಮೂರಾಗ ಇದರ ಮೂಗ ಯಾರ್ ನೋಡ್ತಾರ?"

ಆ ಊರು ಗದಗ ಸೀಮೆಯ ಒಂದು ಸಣ್ಣ ಪೇಟೆ. ಬಸ್ ನಿಲ್ದಾಣದ ಹಿಂದೆ, ಶೆಟ್ಟರ ಕಟ್ಟಡದಲ್ಲಿ ಒಂದು ಬಾಡಿಗೆ ಖೋಲಿ. ಎರಡು ಕುರ್ಚಿ, ಒಂದು ಕನ್ನಡಿ, ಒಂದು ವ್ಯಾಕ್ಸ್ ಕಾಯಿಸುವ ಹೀಟರ್, ನಾನು. ಮೀನಾಕ್ಷಿಯ ಗಂಡ ಮೌನೇಶ ಬೋರ್ಡು ಬರೆಯುವವನು. ಊರಿನ ಅರ್ಧ ಅಂಗಡಿಗಳ ಹೆಸರು ಅವನ ಕೈಯಿಂದ ಬಂದದ್ದು. ಫ್ಲೆಕ್ಸ್ ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು. ಕೈ ಖಾಲಿ ಇದ್ದಾಗ ಹೆಂಡತಿಯ ಪಾರ್ಲರಿನ ಹೊರಗೋಡೆಯ ಮೇಲೆ ಆಯಿಲ್ ಪೇಂಟಿನಲ್ಲಿ ಒಂದು ಚಿತ್ರ ಬರೆದ. ಆಳೆತ್ತರದ ಹೆಂಗಸು, ಸೊಂಟ ದಾಟಿದ ಕೂದಲು, ಎತ್ತಿ ಹಿಡಿದ ಬಲಗೈಯಲ್ಲಿ ಒಂದು ಬಾಚಣಿಗೆ. ಇಲ್ಲಿಯವರ ಬಾಯಲ್ಲಿ ಹಣಿಗಿ.

ಚಿತ್ರ ಮುಗಿದ ದಿನ ಮೀನಾಕ್ಷಿ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ಚಿತ್ರದ ಮುಖ ನೋಡಿದಳು.

"ಮಾರಿ ಯಾರದ್ರೀ ಇದು?"

"ಕ್ಯಾಲೆಂಡರಿಂದು."

"ನನ್ನ ಮಾರಿ ಯಾಕ ಬರೀಲಿಲ್ಲ?"

"ಗಿರಾಕಿ ಬರಬೇಕಲ್ಲ."

ಅವಳು ಟವೆಲ್ಲಿನಿಂದ ಅವನಿಗೆ ಒಂದು ಬಿಟ್ಟಳು. ಆಮೇಲೆ ಚಿತ್ರದ ಹತ್ತಿರ ಹೋಗಿ ನಿಂತಳು. ದಪ್ಪ ಕೀಲಿನ ಬೆರಳುಗಳು, ಮೊಂಡು ಉಗುರು, ಹೊರಗೆ ಬಾಗಿದ ಹೆಬ್ಬೆರಳು.

"ಕೈ ನಂದು."

"ಹೂಂ. ಕೆಲಸ ಮಾಡೂದು ಅದ ಅಲ್ಲ."

ಅವನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ಹೊಗಳಿಕೆಯ ಹಾಗೆ ಕೇಳಿಸಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಊರಿನ ಚುನಾವಣೆ ಬಂತು. ಆ ವಾರ್ಡಿನಲ್ಲಿ ನಿಂತ ಒಬ್ಬ ಪಕ್ಷೇತರನಿಗೆ ಸಿಕ್ಕ ಚಿಹ್ನೆ ಹಣಿಗಿ. ಎದುರಾಳಿಯ ಕಡೆಯವರು ತಕರಾರು ತೆಗೆದರು: ಬಸ್ ನಿಲ್ದಾಣಕ್ಕೆ ಬಂದವರಿಗೆಲ್ಲ ಆಳೆತ್ತರದ ಹೆಂಗಸು ಹಣಿಗಿ ತೋರಿಸುತ್ತಿದ್ದಾಳೆ, ಇದು ಪ್ರಚಾರ. ಚುನಾವಣಾ ಕಚೇರಿಯ ಇಬ್ಬರು ನೌಕರರು ಏಣಿ ತಂದರು. ಚಿತ್ರದ ಮುಂಗೈಯಿಂದ ಹಣಿಗಿಯ ತುದಿಯವರೆಗೆ ಹಳೇ ಪತ್ರಿಕೆ ಹೊದಿಸಿದರು. ಅದು ಗಾಳಿಗೆ ಹಾರದಿರಲೆಂದು ಸಂದಿಲ್ಲದಂತೆ ಅಡ್ಡಡ್ಡ, ಉದ್ದುದ್ದ ಮಾಸ್ಕಿಂಗ್ ಟೇಪ್ ಬಡಿದರು, ಪೇಂಟರುಗಳು ಅಂಚಿಗೆ ಹಚ್ಚುವ ಕಾಗದದ ಅಂಟುಪಟ್ಟಿ. ಮೌನೇಶ ಕೆಳಗೆ ನಿಂತು ಕೂಗಿದ.

"ಎಲೆಕ್ಷನ್ ಮುಗದ ದಿನಾನ ತೆಗೀರೋ! ಬಿಸಿಲಿಗೆ ಕುಂತ್ರ ಅದು ಬಣ್ಣದ ಜೋಡಿ ಸಂಸಾರ ಹೂಡತೈತಿ!"

ಹಣಿಗಿಯವನು ಸೋತ. ಟೇಪು ತೆಗೆಯಲು ಯಾರೂ ಬರಲಿಲ್ಲ. ಮೌನೇಶನೇ ತೆಗೆಯುವವನಿದ್ದ. ಆದರೆ ಅದೇ ವಾರ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಆಸ್ಪತ್ರೆ, ಎಣ್ಣೆ ತಿಕ್ಕುವುದು, ಮತ್ತೆ ಆಸ್ಪತ್ರೆ. ಗೋಡೆಯ ಕಡೆ ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಎರಡು ಬೇಸಿಗೆ ದಾಟಿದವು. ಪತ್ರಿಕೆ ಮಳೆಗೆ ಕರಗಿ ಹೋಯಿತು. ಟೇಪು ಉಳಿಯಿತು, ಕೆಳಗಿನ ಬಣ್ಣಕ್ಕೇ ಅಂಟಿತು. ಕಂದು ಬಣ್ಣಕ್ಕೆ ತಿರುಗಿ, ಹಪ್ಪಳದಂತೆ ಗರಿಗರಿಯಾಗಿ, ಗೋಡೆಗೇ ಬೇರು ಬಿಟ್ಟಂತೆ ಕೂತಿತು.

ದೀಪಾವಳಿಗೆ ಮೊದಲು ಮಾಲಕ ಶೆಟ್ಟರು ಬಂದರು. ಕಟ್ಟಡಕ್ಕೆಲ್ಲ ಬಣ್ಣ ಹೊಡೆಸುವವರಿದ್ದರು.

"ಮೀನಾಕ್ಷವ್ವಾ, ಇದು ಚಿತ್ರ ಅಲ್ಲ, ಹುಣ್ಣು. ಸೋಮವಾರ ಆಳು ಬರ್ತಾವ. ಅಷ್ಟೊತ್ತಿಗೆ ಸ್ವಚ್ಛ ಆತು, ಇರಲಿ. ಇಲ್ಲಂದ್ರ ಅದರ ಮ್ಯಾಲೂ ಬಣ್ಣ ಹೊಡಸ್ತೀನಿ."

ಶೆಟ್ಟರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಮೌನೇಶ ಇನ್ನು ಬ್ರಶ್ ಹಿಡಿಯುವವನಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅಂಗಡಿಯ ಬೋರ್ಡುಗಳು ಒಂದೊಂದಾಗಿ ಫ್ಲೆಕ್ಸ್ ಆಗಿದ್ದವು. ಅವನ ಕೈಯಿಂದ ಬಂದದ್ದರಲ್ಲಿ ಊರಿನಲ್ಲಿ ಉಳಿದದ್ದು ಈ ಗೋಡೆ ಮಾತ್ರ. ಟೇಪಿನ ಜೊತೆ ಬಣ್ಣ ಕಿತ್ತು ಬಂದರೆ ತಿದ್ದುವವರು ಯಾರೂ ಇಲ್ಲ. ಮುಖ ಹೋಗಿದ್ದರೆ ಚಿಂತೆಯಿರಲಿಲ್ಲ, ಕ್ಯಾಲೆಂಡರಿನಲ್ಲಿ ಅಂಥ ಮುಖಗಳು ಬೇಕಾದಷ್ಟಿವೆ. ಟೇಪಿನ ಕೆಳಗೆ ಇದ್ದದ್ದು ಕೈ.

ಭಾನುವಾರ ಮೀನಾಕ್ಷಿ ಪಾರ್ಲರ್ ತೆರೆಯಲಿಲ್ಲ. ಗೋಡೆಯ ಮುಂದೆ ಕುರ್ಚಿ ಹಾಕಿ ಗಂಡನನ್ನು ಕೂರಿಸಿದಳು. ಸ್ಟೂಲು ಹತ್ತಿದಳು. ಹಣಿಗಿಯ ತುದಿಯಲ್ಲಿ ಟೇಪಿನ ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಎಡಗೈಯಿಂದ ಗೋಡೆಯನ್ನು ಒತ್ತಿ ಹಿಡಿದು, ಸರಕ್ಕನೆ ಎಳೆದಳು. ಕೈಕಾಲಿನ ಕೂದಲು ತೆಗೆಯುವ ವ್ಯಾಕ್ಸಿನ ಪಟ್ಟಿಯನ್ನು ಹೀಗೇ ಎಳೆಯಬೇಕು. ಒಂದೇ ಏಟು. ನಿಧಾನ ಮಾಡಿದರೆ ಗಿರಾಕಿ ಚೀರುತ್ತಾಳೆ. ವರ್ಷಗಟ್ಟಲೆ ರೂಢಿಯಾದ ಕೈ, ಯೋಚನೆಗೆ ಮೊದಲೇ ಎಳೆದುಬಿಟ್ಟಿತು.

ಟೇಪಿನ ಬೆನ್ನಿಗೆ ಅಂಟಿಕೊಂಡು ಹಣಿಗಿಯ ಮೂರು ಹಲ್ಲು ಬಂದವು.

"ಗ್ವಾಡಿಗೆ ನೋವು ಆಗೂದಿಲ್ಲಬೇ ಹುಚ್ಚಿ!" ಮೌನೇಶನ ನಾಲಿಗೆ ತೊದಲುತ್ತಿತ್ತು, ಬೈಗುಳ ಮಾತ್ರ ಸ್ಪಷ್ಟವಾಗಿತ್ತು. "ನೋವು ಇಲ್ಲದ್ದನ್ನ ಸಾವಕಾಶ ಎಳೀಬೇಕು!"

ಅವಳು ಕೈಯಲ್ಲಿದ್ದ ತುಂಡನ್ನು ನೋಡುತ್ತ ನಿಂತಳು. ಪಕ್ಕದ ಚಹಾದ ಅಂಗಡಿಯ ದಾವಲಸಾಬ ಇದನ್ನೆಲ್ಲ ನೋಡುತ್ತಿದ್ದ.

"ಅಕ್ಕಾ, ಬ್ಲೇಡ್ ಕೊಡ್ಲೇನ್ರೀ? ಕೆರದ ಬಿಡ್ರಿ."

"ನಿನ್ನ ಗಡ್ಡಕ್ಕ ಇಟ್ಕೋ," ಎಂದ ಮೌನೇಶ.

ಮೀನಾಕ್ಷಿ ಒಳಗೆ ಬಂದು ನನ್ನನ್ನು ತೆಗೆದುಕೊಂಡಳು. ಉದ್ದನೆಯ ವೈರು ಜೋಡಿಸಿ ಹೊರಗೆ ಒಯ್ದಳು. ಗಂಡ ಮತ್ತೆ ಶುರು ಮಾಡಿದ.

"ಅದ್ಯಾಕ? ಬಿಸಿಗೆ ಬಣ್ಣ ಗುಳ್ಳಿ ಏಳತೈತಿ."

"ನೀವು ಸುಮ್ಕ ಕುಂದರ್ರಿ. ತಲಿ ಸುಡದಂಗ ಕೂದ್ಲ ಒಣಗಿಸಿದಾಕಿ ನಾ. ಗ್ವಾಡಿ ಸುಡ್ತೀನೇನು?"

ಸಣ್ಣ ಉರಿಗೆ ಇಟ್ಟಳು. ನನ್ನ ಗಾಳಿಯನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಹಿಡಿದು ನೋಡಿದಳು. ಆಮೇಲೆ ಗೋಡೆಯಿಂದ ಒಂದು ಗೇಣು ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸಿದಳು. ಟೇಪಿನ ಗರಿ ಮೆತ್ತಗಾಯಿತು. ಒಳಗಿನ ಅಂಟು ಸಡಿಲಿತು. ಮೂಲೆಯನ್ನು ಎಬ್ಬಿಸಿ ಮೆಲ್ಲಗೆ ಎಳೆದಳು.

"ನಿನ್ನ ಕಡೆ ಎಳೀಬ್ಯಾಡ. ಹಿಂದಕ್ಕ ಮಡಚಿ ಗ್ವಾಡಿ ಗುಂಟ ಎಳಿ," ಎಂದ ಮೌನೇಶ.

ಅವಳು ಹಾಗೇ ಮಾಡಿದಳು. ಟೇಪು ತನ್ನ ಬೆನ್ನಿನ ಮೇಲೆ ತಾನೇ ಮಲಗಿಕೊಂಡು ಬಂತು. ಕೆಳಗೆ ಬಣ್ಣ ಇದ್ದಲ್ಲೇ ಇತ್ತು. ಊದು, ಎಬ್ಬಿಸು, ಎಳೆ. ತುಂಡಾದರೆ ಮತ್ತೆ ಊದು. ನಾನು ಎಷ್ಟೋ ತಲೆ ಒಣಗಿಸಿದ್ದೆ, ಇಷ್ಟು ಸಣ್ಣ ಜಾಗಕ್ಕೆ ಇಷ್ಟು ಹೊತ್ತು ಯಾರೂ ನನ್ನನ್ನು ಹಿಡಿದಿರಲಿಲ್ಲ. ಅವಳು ನನ್ನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು. ಆದರೂ ದೂರ ಒಂದು ಗೇಣಿಗಿಂತ ಕಡಿಮೆಯಾಗಲಿಲ್ಲ. ಹಣಿಗಿಯ ಉಳಿದ ಹಲ್ಲುಗಳು ಕಂಡವು. ಮುಂಗೈ ಕಂಡಿತು. ಮಣಿಕಟ್ಟು ಕಂಡಿತು.

ಬೆರಳುಗಳ ಮೇಲಿನ ಪಟ್ಟಿಗೆ ಬಂದಾಗ ನನ್ನ ಹೊಟ್ಟೆಯಲ್ಲಿ ಚಟ್ ಎಂದಿತು. ಸುಟ್ಟ ವಾಸನೆ. ನನ್ನ ಸುರುಳಿ ತುಂಡಾಗಿತ್ತು. ಫ್ಯಾನು ತಿರುಗುತ್ತಿತ್ತು, ತಣ್ಣನೆಯ ಗಾಳಿ ಬರುತ್ತಿತ್ತು. ಅದು ಯಾವ ಕೆಲಸಕ್ಕೂ ಬಾರದ ಗಾಳಿ.

ಮೌನೇಶ ಮುಖ ಆ ಕಡೆ ತಿರುಗಿಸಿದ. "ಸಾಕ್ ಬಿಡು ಮೀನಾ. ಬೆರಳಿಗೆ ನಾಕ್ ಕೋಟು ಕೊಟ್ಟೇನಿ. ದಪ್ಪ ಬಣ್ಣ, ಟೇಪಿನ ಜೋಡಿ ಹೆಕ್ಕಳಿಕಿ ಎದ್ದು ಬರತೈತಿ. ಮ್ಯಾಲ ಬಣ್ಣ ಹೊಡದ್ರ ಹೊಡೀಲಿ. ಟೇಪಿನ ಕೆಳಗರ ಇರತೈತಿ."

"ಟೇಪಿನ ಕೆಳಗ ಇದ್ರ ಯಾರ್ ನೋಡ್ಬೇಕು, ಹಲ್ಲಿ?"

ನನ್ನನ್ನು ಸ್ಟೂಲಿನ ಮೇಲೆ ಇಟ್ಟು ಒಳಗೆ ಹೋದಳು. ಫೇಶಿಯಲ್ಲಿಗೆ ಕಾಯಿಸುವ ನೀರಿನಲ್ಲಿ ಟವೆಲ್ ಅದ್ದಿ, ಹಿಂಡಿ ತಂದಳು. ಜೊತೆಗೆ ಹುಬ್ಬು ತೀಡುವ ದಾರದ ಉಂಡೆ. ಬಿಸಿ ಟವೆಲನ್ನು ಪಟ್ಟಿಯ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದಳು. ಆಮೇಲೆ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಗೆ ಸುತ್ತಿಕೊಂಡು, ಟೇಪಿನ ಕೆಳಗೆ ತೂರಿಸಿದಳು. ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು ದಾರವನ್ನು ಹಿಂದೆ ಮುಂದೆ ಆಡಿಸಿದಳು. ಒಂದೊಂದೇ ಕೂದಲು ಕೀಳುವ ದಾರ ಅದು. ಅಂಟು ಎಲ್ಲಿ ಮುಗಿಯುತ್ತದೆ, ಬಣ್ಣ ಎಲ್ಲಿ ಶುರುವಾಗುತ್ತದೆ ಎಂಬುದು ಅವಳ ಹಲ್ಲಿಗೆ ತಿಳಿಯುತ್ತಿತ್ತು. ದಾವಲಸಾಬ ಚಹಾ ಸೋಸುವುದನ್ನು ಬಿಟ್ಟು ನೋಡುತ್ತ ನಿಂತ. ಚಹಾ ಉಕ್ಕಿತು.

ಪಟ್ಟಿ ಇಡಿಯಾಗಿ ಕಳಚಿ ಬಿತ್ತು.

ಉಳಿದ ಜಿಗುಟಿಗೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಹಚ್ಚಿದಳು. ಅದು ನೆನೆಯಲು ಬಿಟ್ಟು ಒರೆಸಿದಳು. ಆಮೇಲೆ ಸೋಪಿನ ನೀರು. ಮೌನೇಶ ಕೋಲು ಊರಿ ಎದ್ದು ಬಂದು, ಅದನ್ನು ಗೋಡೆಗೆ ಒರಗಿಸಿದ. ಎಡಗೈಯ ಉಗುರನ್ನು ಬಣ್ಣದ ಅಂಚಿನ ಗುಂಟ ಓಡಿಸಿದ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹೆಂಡತಿಯ ಬಲಗೈ ಹಿಡಿದು ಗೋಡೆಯ ಕೈಯ ಪಕ್ಕಕ್ಕೆ ಇಟ್ಟು ಬಹಳ ಹೊತ್ತು ನೋಡಿದ.

"ಹೆಬ್ಬಟ್ಟು ಸ್ವಲ್ಪ ಉದ್ದ ಬರದೇನಿ," ಎಂದ.

ಸೋಮವಾರ ಶೆಟ್ಟರು ಆಳುಗಳ ಜೊತೆ ಬಂದರು. ಎರಡು ವರ್ಷ ಬಿಸಿಲು ತಿಂದು ಮುಖ, ಸೀರೆ ಎಲ್ಲ ಮಾಸಿದ್ದವು. ಬಿಸಿಲು ತಾಗದ ಆ ಕೈ ಮಾತ್ರ ನಿನ್ನೆ ಬರೆದಂತೆ ಹೊಳೆಯುತ್ತಿತ್ತು. ಶೆಟ್ಟರು ಕನ್ನಡಕ ಏರಿಸಿ ನೋಡಿದರು.

"ಕೈ ಏನೋ ಭಾರಿ ಐತಿ. ಆದ್ರ ಹಣಿಗಿ ಹಲ್ಲು ಹೋಗ್ಯಾವಲ್ಲೋ ಮೌನೇಶಾ?"

"ನಿಮ್ಮವೂ ಹೋಗ್ಯಾವ್ರೀ ಶೆಟ್ರ. ನಿಮ್ಮ ಮ್ಯಾಲ ಬಣ್ಣ ಹೊಡದೇವೇನು?"

ಶೆಟ್ಟರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ಬೊಚ್ಚು ಬಾಯಿ ತೆರೆದು ನಕ್ಕರು. ಆಳುಗಳಿಗೆ, "ಆ ಹೆಣ್ಮಗಳನ್ನ ಬಿಟ್ಟು ಸುತ್ತ ಹೊಡೀರಿ," ಎಂದರು. ಒಬ್ಬ ಆಳು ಅಂಚು ನೆಟ್ಟಗೆ ಬರಲೆಂದು ಜೇಬಿನಿಂದ ಟೇಪು ತೆಗೆದ. ಮೀನಾಕ್ಷಿ ಅದನ್ನು ಕಸಿದುಕೊಂಡು, "ಕೈಲೆ ಹೊಡಿಯಪ್ಪಾ," ಎಂದಳು.

ಆಮೇಲೆ ನನ್ನನ್ನು ರಿಪೇರಿಗೆ ಒಯ್ದರು. ಸುರುಳಿ ಸಿಗುವುದಿಲ್ಲ, ಹೊಸದು ಕೊಳ್ಳುವುದೇ ಮೇಲು ಎಂದ ಅಂಗಡಿಯವನು. ಮೀನಾಕ್ಷಿ ಹೊಸದು ತಂದಳು. ನನ್ನ ವೈರು ಗಟ್ಟಿಯಾಗಿತ್ತು. ಅದನ್ನು ಬುಡದಲ್ಲಿ ಕತ್ತರಿಸಿ ವ್ಯಾಕ್ಸಿನ ಹೀಟರಿಗೆ ಜೋಡಿಸಿದಳು. ಉಳಿದ ನಾನು ಗುಜರಿಯವನ ಚೀಲದಲ್ಲಿ, ಒಂದು ಮುರಿದ ಮಿಕ್ಸರಿನ ಮೇಲೆ ಬಿದ್ದಿದ್ದೇನೆ. ಬೇಸರವೇನಿಲ್ಲ. ಬಿಸಿ ಮಾಡುವುದು ಯಾವ ಒಲೆಗೂ ಬರುತ್ತದೆ. ಬಿಟ್ಟು ಬರದ ಎರಡು ವಸ್ತುಗಳನ್ನು ಒಂದಕ್ಕೂ ಗಾಯವಾಗದಂತೆ ಬೇರೆ ಮಾಡುವವರನ್ನು ಈ ಲೋಕದಲ್ಲಿ ನಾನು ಕಂಡದ್ದು ಒಬ್ಬಳನ್ನೇ. ಅವಳ ಕೈಯಲ್ಲೇ ನಾನು ಸುಟ್ಟುಹೋದೆ. ನನ್ನ ಕಂಪನಿಯಲ್ಲಿ ತಯಾರಾದ ಉಳಿದ ಡ್ರೈಯರುಗಳಿಗೆ ಇಷ್ಟು ಒಳ್ಳೆಯ ಸಾವು ಬಂದಿರುವುದು ಅನುಮಾನ.