ಸಂಜೆಯವರೆಗಿನ ಸಿಟ್ಟು

"ಕೊಡಿ ಇಲ್ಲಿ," ಎಂದು ಲಮೈ ಅತ್ತಿಗೆಯ ಕೈಯಿಂದ ಹಾಳೆ ಕಿತ್ತುಕೊಂಡಳು. ಬೆಂಕಿಗಿಡುವ ಮೊದಲು ಸತ್ತವರ ಬದುಕಿನ ವಿವರವನ್ನು ಎಲ್ಲರೆದುರು ಓದುವುದು ಅಲ್ಲಿನ ಪದ್ಧತಿ. ಲಮೈಯ ಗಂಡ ಸಮ್ರಿತನದನ್ನು ಅವನ ಅಕ್ಕ ಜಂಪಿ ಚೆಂದದ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದಳು.

"ಶಾಂತ ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ," ಲಮೈ ಓದಿದಳು. "ಅತ್ತಿಗೆ, ಇದು ಯಾರ ಬಗ್ಗೆ?"

"ಇನ್ನೇನು ಬರೀಲಿ? ಬಂಗಾರದಂಥ ಹುಡುಗ ಅವನು. ಕೆಡಿಸಿದ್ದು ಗಾಂಜಾ. ಅದನ್ನೂ ಕೆಳಗೆ ಬರ್ದಿದೀನಿ ನೋಡು."

"ಏಳನೇ ವಯಸ್ಸಲ್ಲಿ ಸಿಟ್ಟಿಗೆ ನಿಮ್ಮ ಜಡೆ ಕತ್ತರಿಸಿದ್ರಲ್ಲ, ಆಗ್ಲೂ ಸೇದ್ತಿದ್ರಾ?"

ಜಂಪಿಗೆ ಅಳುವಿನ ನಡುವೆಯೇ ನಗು ಬಂತು.

ವಿಹಾರದ ಮಂಟಪದ ಕೊನೆಯ ಸಾಲಿನಲ್ಲಿ ಮಗಳು ಪಿಕುನ್ ಒಬ್ಬಳೇ ಕೂತಿದ್ದಳು. ಇಪ್ಪತ್ತಾರು ವರ್ಷ. ಅಪ್ಪನದೇ ಮೂಗು, ಅಪ್ಪನದೇ ಮುಂಗೋಪ. ಇವತ್ತು ತಲೆಯ ಮೇಲೆ ಹೊತ್ತು ಮೆರೆಸಿದ ಗೆಳತಿ ನಾಳೆ ಶತ್ರು. ಸರ್ಕಾರ ಕಾನೂನು ಸಡಿಲಿಸಿ ಗಾಂಜಾ ಅಂಗಡಿಗಳು ಬೀದಿಗೆರಡು ಆದಮೇಲೆ ಅವಳೂ ಸೇದತೊಡಗಿದ್ದಳು. ತಲೆ ತಣ್ಣಗಿರುವುದೇ ಅದರಿಂದ ಎಂದು ಅವಳ ವಾದ. ಆಸ್ಪತ್ರೆಗೆ ಹೋಗೋಣ ಎಂದದ್ದಕ್ಕೆ ಎರಡು ತಿಂಗಳಿಂದ ಅಮ್ಮನೊಂದಿಗೆ ಮಾತು ಬಿಟ್ಟಿದ್ದಳು. ಗಂಡ ಹೋದದ್ದಕ್ಕಿಂತ ಲಮೈಗೆ ಇದೇ ದೊಡ್ಡ ಸಂಕಟ.

*

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಸಮ್ರಿತ್ ತನ್ನ ನೂಡಲ್ಸ್ ಅಂಗಡಿಯ ಹಂಡೆ ಸಾರನ್ನೆಲ್ಲ ಕಾಲುವೆಗೆ ಸುರಿದಿದ್ದ. ಹೆಂಡತಿ ವಿಷ ಹಾಕಿದ್ದಾಳೆಂದು ಅವನಿಗೆ ಖಾತ್ರಿಯಾಗಿತ್ತು. ಹಂದಿಮಾಂಸ ಕೊಡುವ ಹೆಂಗ್ ಕೂಡ ಅವಳ ಕಡೆ ಸೇರಿದ್ದನಂತೆ. ಆ ಸಾರಿಗೆ ಸಮ್ರಿತನ ಅಪ್ಪನ ಕಾಲದಿಂದಲೂ ನಾಲ್ಕು ಗಾಂಜಾ ಎಲೆ ರುಚಿಗೆ ಬೀಳುತ್ತಿದ್ದವು, ಅದೇನೂ ದೊಡ್ಡ ವಿಷಯವಲ್ಲ. ಸಮ್ರಿತ್ ಸೇದುತ್ತಿದ್ದುದು ಮಾತ್ರ ರುಚಿಗಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ಇದು ಸ್ವಭಾವದಲ್ಲೇ ಇರೋ ಕಾಯಿಲೆ. ನಿಮಗೆ ಗಾಂಜಾದಿಂದ ಬಂದಿದ್ದಲ್ಲ. ಆದ್ರೆ ಅದಕ್ಕೆ ಗಾಂಜಾ ಉಪ್ಪು ಖಾರ ಹಾಕ್ತಾ ಇದೆ."

"ಸೇದಿದ್ರೆ ಸಮಾಧಾನ ಆಗುತ್ತಲ್ಲ ಡಾಕ್ಟ್ರೇ?"

"ಎಷ್ಟು ಹೊತ್ತು?"

ಸಮ್ರಿತ್ ಯೋಚಿಸಿದ. "ಒಂದು ಗಂಟೆ."

"ಆಮೇಲೆ?"

ಅವನು ಹೆಂಡತಿಯ ಮುಖ ನೋಡಿದ.

*

ಲಮೈ ಹಾಳೆ ಮಡಚಿಟ್ಟು ಮೈಕ್ ಹಿಡಿದಳು.

"ನನ್ನ ಗಂಡ ಜಗಳಗಂಟ. ಯಾರಿಗೆ ಬೈದಿಲ್ಲವೋ ಅವರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. "ನನಗಂತೂ ವಾರಕ್ಕೆರಡು ಸಲ ತಾಯಿ!" ಎಂದ ಹೆಂಗ್. ಮಂಟಪವೆಲ್ಲ ನಕ್ಕಿತು. ಭಿಕ್ಷುಗಳು ಬೀಸಣಿಗೆಯ ಹಿಂದೆ ಮುಖ ಮರೆಸಿಕೊಂಡರು.

"ಅವರು ಹುಟ್ಟಿದ್ದೇ ಹಾಗೆ. ಗಾಂಜಾ ಸೇದೋವಾಗ ಒಂದು ಸಿಟ್ಟು ಮೂರು ತಿಂಗಳು ಉಳೀತಿತ್ತು. ಅದನ್ನ ಬಿಟ್ಟು, ಡಾಕ್ಟರಮ್ಮನ ಹತ್ರ ಹೋಗಿ ಕೂತು ಮಾತಾಡೋಕೆ ಶುರು ಮಾಡಿದ ಮೇಲೂ ಸಿಟ್ಟು ಬರ್ತಿತ್ತು. ಆದ್ರೆ ಸಂಜೆವರೆಗೆ ಅಷ್ಟೇ. ಸಂಜೆ ಒಂದು ಬಟ್ಟಲು ನೂಡಲ್ಸ್ ತಂದು ಮುಂದಿಡೋರು, 'ತಿನ್ನೇ, ತಪ್ಪಾಯ್ತು' ಅಂತ. ಹನ್ನೊಂದು ವರ್ಷ ನಾನು ಸುಖವಾಗಿದ್ದೆ."

ಮಗಳ ಕಡೆ ನೋಡದೆಯೇ ಲಮೈ ಮೈಕ್ ಕೆಳಗಿಟ್ಟಳು.

ಜನ ಸಾಲಾಗಿ ಹೆಣ ಸುಡುವ ಒಲೆಯ ಮೆಟ್ಟಿಲು ಹತ್ತಿ, ಶವಪೆಟ್ಟಿಗೆಯ ಮುಂದಿನ ತಟ್ಟೆಯಲ್ಲಿ ಅದರೊಂದಿಗೇ ಸುಡುವ ಗಂಧದ ಚಕ್ಕೆಯ ಹೂವಿಟ್ಟು, ಏನೇ ತಪ್ಪಿದ್ದರೂ ಮನ್ನಿಸಿದೆವು ಎಂದು ಕೈಮುಗಿದು ಇಳಿದರು. ಕೊನೆಗೆ ಬಂದವಳು ಪಿಕುನ್. ಹೂವಿಟ್ಟಳು. ಚೀಲದಿಂದ ಅಂಗೈಯಗಲದ ಡಬ್ಬಿಯೊಂದನ್ನು ತೆಗೆದು ಹೂವಿನ ಪಕ್ಕ ಇಡಹೋದಳು.

"ತಗಡು ಹಾಕ್ಬೇಡಮ್ಮ, ಸುಡಲ್ಲ ಅದು," ಎಂದ ಒಲೆ ನೋಡಿಕೊಳ್ಳುವವನು.

ಪಿಕುನ್ ಮುಚ್ಚಳ ತೆರೆದು, ಒಳಗಿದ್ದ ಗಾಂಜಾ ಸೊಪ್ಪನ್ನೆಲ್ಲ ಹೂಗಳ ಮೇಲೆ ಸುರಿದು ಕೆಳಗಿಳಿದು ಬಂದಳು.

"ಅಮ್ಮ, ಆ ಡಾಕ್ಟರಮ್ಮ ಇನ್ನೂ ಇದಾರಾ?"

"ಇದಾರೆ. ಸೋಮವಾರ ಸಿಗ್ತಾರೆ."

"ಸಿಟ್ಟು ಬಂದ್ರೆ ಎದ್ದು ಬಂದ್ಬಿಡ್ತೀನಿ."

"ಎದ್ದು ಬಾ. ನಾನು ಹೊರಗೇ ಕೂತಿರ್ತೀನಿ."

ಒಲೆ ಹೊತ್ತಿತು. ಗಾಳಿ ತಿರುಗಿ ಚಿಮಣಿಯ ಹೊಗೆ ಅಂಗಳಕ್ಕೆ ಇಳಿದಾಗ ಹೆಂಗ್ ಮೂಗರಳಿಸಿದ. ಒಮ್ಮೆ ಚಿಮಣಿಯನ್ನೂ ಒಮ್ಮೆ ತಾಯಿ ಮಗಳನ್ನೂ ನೋಡಿದ. ಆಮೇಲೆ ಆ ಹೊಗೆಗೆ ಕೈಮುಗಿದ.