ಫಾನೊ ದ್ವೀಪದ ಚೀಟಿ

ಆಸ್ಗರ್ ಕೊರಳಪಟ್ಟಿಯನ್ನು ಮತ್ತೆ ಸಡಿಲಿಸಿಕೊಂಡ, ಮೂರು ಗಂಟೆಯಿಂದ ನಿಂತೇ ಇದ್ದಾನೆ, ಕೋಪನ್‌ಹೇಗನ್ನಿನಲ್ಲಿ ಡಾಕ್ಟರೇಟ್ ಪರೀಕ್ಷೆಯೆಂದರೆ ಹೀಗೆಯೇ, ಎಲ್ಲರೆದುರು, ಬಾಗಿಲು ತೆರೆದಿಟ್ಟು — ಪ್ರಬಂಧವನ್ನು ಪ್ರಶ್ನಿಸಲೆಂದೇ ನೇಮಕವಾದ ಪರೀಕ್ಷಕರಿಬ್ಬರೂ ಮುಗಿಸಿದರು, ಇನ್ನು ಸಭಿಕರ ಸರದಿ, ಯಾರು ಬೇಕಾದರೂ ಆಕ್ಷೇಪಿಸಬಹುದು, ವಿರಾಮದಲ್ಲಿ ಅಧ್ಯಕ್ಷರಿಗೆ ಹೆಸರು ಕೊಟ್ಟಿರಬೇಕು ಅಷ್ಟೆ, ನಾನು ಕೊಟ್ಟಿದ್ದೇನೆ, ಏಕೆ ಕೊಟ್ಟೆ, ಈಗಲೂ ತಲೆಯಾಡಿಸಿ ಬೇಡವೆಂದರೆ ಸಾಕು. ಎಂಕೆ, ಎಂದರೆ ವಿಧವೆ, ಅವನ ಪ್ರಬಂಧದಲ್ಲಿ ಈ ಒಂದೇ ಪದಕ್ಕೆ ಮುನ್ನೂರು ಪುಟ — ಜರ್ಮನರೂ ಇಂಗ್ಲಿಷರೂ ಬಳಸುವ ಪದ ಸಂಸ್ಕೃತದ ವಿಧವಾ ಪದದ ಒಡಹುಟ್ಟು, ನಮ್ಮ ಡೇನಿಷಿನದು ಬೇರೆ, ಪ್ರಾಚೀನ ಜರ್ಮಾನಿಕ್‌ನ ಐನ, ಒಂದು, ಅದರಿಂದ ಹಳೆಯ ನಾರ್ಸ್ ಭಾಷೆಯ ಎಕ್ಕ್ಯಾ, ಒಬ್ಬಳೇ ಉಳಿದವಳು. ಅಷ್ಟನ್ನು ಯಾರೂ ಅಲ್ಲಗಳೆಯರು, ಆದರೆ ಐದನೆಯ ಅಧ್ಯಾಯ, ಆ ಹಳೆಯ ರೂಪ ಎಕ್ಕೆ ಎಂದು ಫಾನೊ ದ್ವೀಪದಲ್ಲಿ ಇತ್ತೀಚಿನವರೆಗೂ ಜೀವಂತವಾಗಿತ್ತೆಂಬ ವಾದ, ಪ್ರಬಂಧದ ನಡುಗಂಬ, ಅದು ನಿಂತಿರುವುದು ನಿಘಂಟು ಕಚೇರಿಯ ಒಂದೇ ಚೀಟಿಯ ಮೇಲೆ, ಕೈಬರಹ ನನ್ನದು. ಆಗ ನನಗೆ ಇಪ್ಪತ್ತಮೂರು, ನಿಘಂಟು ಕಚೇರಿಗಾಗಿ ದ್ವೀಪದಲ್ಲಿ ಮನೆಮನೆ ತಿರುಗಿ, ಪದಕ್ಕೊಂದು ಚೀಟಿ ಬರೆಯುತ್ತಿದ್ದೆ. ಗಂಡ ಸತ್ತವಳನ್ನು ಏನೆನ್ನುತ್ತೀರಿ ಎಂದಷ್ಟೇ ಕೇಳಬೇಕು, ಪದವನ್ನು ನಾವು ಅವರ ಬಾಯಿಗೆ ಹಾಕಬಾರದು, ಪದ ಸಂಗ್ರಹಿಸುವವರಿಗೆ ಮೊದಲ ಪಾಠವೇ ಅದು — ಕೊನೆಯ ದೋಣಿಗೆ ಹೊತ್ತಾಗಿತ್ತು, ನಾನು ಕೂತಿದ್ದ ಮನೆಯ ಮಾರೆನಜ್ಜಿ ಎಂಕೆ ಎಂಕೆ ಎಂದೇ ಹೇಳುತ್ತಿದ್ದಳು, ಎಕ್ಕೆ ಅಂತಲೂ ಅಂತಾರಲ್ವಾ ಅಜ್ಜಿ, ನಾನೇ ಕೇಳಿದೆ, ಹೂಂ ಕಣೇ, ಎಕ್ಕೆ, ಓದಿದವಳು ನೀನು, ನಿನಗೆ ಗೊತ್ತಿಲ್ದೆ ಇರುತ್ತಾ, ಕಾಫಿ ಆರಿಹೋಗ್ತಿದೆ, ಕುಡಿ. ಬರೆದುಕೊಂಡೆ. ದೋಣಿ ಸಿಕ್ಕಿತು. ಚೀಟಿ ಪೆಟ್ಟಿಗೆ ಸೇರಿತು, ನಲವತ್ತೆಂಟು ವರ್ಷ ಯಾರೂ ಮುಟ್ಟಲಿಲ್ಲ, ಅಚ್ಚಾದ ಪ್ರಬಂಧ ನನ್ನ ಕೈಗೆ ಬಂದದ್ದು ಹೋದ ವಾರ, ಇವತ್ತು ಮೆಟ್ಟಿಲ ಬಳಿ ಕೈ ಹಿಡಿದುಕೊಂಡು ಆಸ್ಗರ್ ಹೇಳಿದ್ದು, ವಿಬೆಕೆ, ಅವತ್ತು ನೀವು ಬರ್ಕೊಳ್ದೆ ಹೋಗಿದ್ರೆ ಆ ಪದ ಅಜ್ಜಿ ಜೊತೇಲೇ ಮಣ್ಣಾಗ್ತಿತ್ತು — ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ, ಅವನು ನಕ್ಕ, ನಾನೂ ನಕ್ಕೆ. ಸುಮ್ಮನಿದ್ದರೆ ಇಂದು ಸಂಜೆ ಅವನು ಡಾಕ್ಟರ್, ನಾಳೆ ಆ ಸುಳ್ಳು ಹೊಸ ನಿಘಂಟಿನಲ್ಲಿ, ಮಾತಾಡಿದರೆ ಅವನ ಒಂಬತ್ತು ವರ್ಷದ ದುಡಿಮೆ — ಸಭೆಯಿಂದ ವಿಬೆಕೆ ತೋರುಪ್, ಅಧ್ಯಕ್ಷರ ದನಿ, ಕಾಲುಗಳು ತಾವಾಗಿ ಎದ್ದು ನಿಂತವು, ಆಸ್ಗರ್ ಇತ್ತ ತಿರುಗಿದ, ನಾನು ಹೊಗಳಲು ಎದ್ದೆನೆಂದುಕೊಂಡು ಮತ್ತದೇ ನಗು, ಆ ಚೀಟಿಯ ಪದ ಅಜ್ಜಿಯದಲ್ಲ, ಅವರ ಬಾಯಿಗೆ ಹಾಕಿದವಳು ನಾನು, ಇದು ನನ್ನದೇ ದನಿ, ಸಭೆಯಲ್ಲಿ ಯಾರೋ ಉಸಿರೆಳೆದರು, ಅವನ ಮುಖದ ಮೇಲೆ ನಗು ಇನ್ನೂ ಇದೆ, ಇಳಿಯಬೇಕೆಂದು ಅದಕ್ಕಿನ್ನೂ ತಿಳಿದಿಲ್ಲ, ಆ ನಗು, ಇನ್ನೂ, ಆ ನಗು