ಸೇತುವೆಗೆ ಅಡ್ಡ ನಿಂತ ಕಾರು

"ಇಲ್ಲೇ ನಿಲ್ಸಪ್ಪಾ. ರಸ್ತೆಗೆ ಅಡ್ಡ," ಎಂದಳು ಸಚಿವೆ.

ಚಾಲಕ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಸೇತುವೆ ಶುರುವಾಗುವ ಜಾಗ. ಅವಳ ಕಾರು ದಾಟಲೆಂದು ಪೊಲೀಸರು ಆಗಲೇ ಎರಡೂ ತುದಿಯಲ್ಲಿ ವಾಹನಗಳನ್ನು ತಡೆದಿದ್ದರು. ಅವನು ಸ್ಟಿಯರಿಂಗ್ ತಿರುಗಿಸಿದ.

"ಮತ್ತೇನು ಬಂತೇ ನಿಂಗೆ?" ಪಕ್ಕದಲ್ಲಿದ್ದ ತಾಯಿ ಸಿಡುಕಿದರು. ಪೊರೆ ಬಂದ ಕಣ್ಣು ತೋರಿಸಲು ಆಸ್ಪತ್ರೆಗೆ ಹೊರಟವರು ಅವರು. "ಜನ ಬಿಸಿಲಲ್ಲಿ ಕಾಯ್ತಿದ್ದಾರೆ. ನಿನ್ನ ಸವಾರಿಗೆ ಅಂತ ಊರನ್ನೇ ನಿಲ್ಸಿದ್ರೆ ನಾನು ತಲೆ ಎತ್ಕೊಂಡು ತಿರುಗೋದು ಹೇಗೆ?"

ಬೆಳಿಗ್ಗೆ ಇಲಾಖೆಯ ಎಂಜಿನಿಯರ್ ಫೋನ್ ಮಾಡಿದ್ದ. ನಡುಗಂಬದ ಬುಡದಲ್ಲಿ ಕೈ ತೂರುವಷ್ಟು ಬಿರುಕು, ಇವತ್ತೇ ಸೇತುವೆ ಮುಚ್ಚಬೇಕು ಮೇಡಂ ಎಂದಿದ್ದ. ಮುಚ್ಚಲು ಪ್ರಧಾನಿಯ ಒಪ್ಪಿಗೆ ಬೇಕು. ಪ್ರಧಾನಿಯೋ, ತಾವೇ ರಿಬ್ಬನ್ ಕತ್ತರಿಸಿದ ಸೇತುವೆಯನ್ನು ಚುನಾವಣೆಯ ಹೊತ್ತಿನಲ್ಲಿ ಮುಚ್ಚುವುದುಂಟೆ? "ಮತದಾನ ಮುಗೀಲಿ, ನೋಡೋಣ" ಎಂದರು. ಇವಳೂ "ಸರಿ ಸರ್" ಎಂದಳು. ಬೀದಿಯ ಚರಂಡಿಗಾಗಿ ಜಗಳವಾಡುತ್ತ ರಾಜಕೀಯಕ್ಕೆ ಬಂದವಳು ಸಂಪುಟದ ಎರಡನೆಯ ಕುರ್ಚಿಗೆ ಏರಿದ್ದು ಬರೀ ಜಗಳದಿಂದಲ್ಲ, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕೆಂದು ಕಲಿತದ್ದರಿಂದ.

ಆಮೇಲೆ ಕಾರು ಹತ್ತುವಾಗ ಚಾಲಕನಿಗೆ ಸುತ್ತು ದಾರಿಯಲ್ಲಿ ಹೋಗೆಂದಳು. ತಾಯಿ ಸುಮ್ಮನಿರಬೇಕಲ್ಲ! "ಅಷ್ಟು ದೊಡ್ಡ ಸೇತುವೆ ಕಟ್ಸಿ ಸುತ್ತೋದ್ಯಾಕೆ?" ಎಂದು ಕೇಳಿಯೇಬಿಟ್ಟರು. ಸಚಿವೆಗೆ ಕೆನ್ನೆಗೆ ಹೊಡೆದಂತಾಯಿತು. ನನ್ನಮ್ಮ ಮಾತ್ರ ಸುತ್ತಿ ಹೋಗಬೇಕು, ಮಿಕ್ಕವರ ಅಮ್ಮಂದಿರು?

ಸುತ್ತು ದಾರಿ ಬಿಟ್ಟು ಕಾರನ್ನು ಸೇತುವೆಯ ಕಡೆ ತಿರುಗಿಸಿದ್ದು ಆಗ. ಸಚಿವರ ಕಾರು ದಾಟುವವರೆಗೆ ಬೇರೆ ಯಾರನ್ನೂ ಬಿಡಬಾರದೆಂಬುದು ಪೊಲೀಸರ ಪದ್ಧತಿ. ಕಾರು ದಾಟದೇ ಹೋದರೆ?

ಹಾರನ್‌ಗಳ ಗದ್ದಲ ಜೋರಾಯಿತು. ತಡೆದ ಸಾಲಿನ ಮುಂದಿದ್ದ ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹಾಕಿ, "ಮಹಾರಾಣಿಯವರದ್ದು ಮೇಕಪ್ ಮುಗಿದಿಲ್ವೇನ್ರೋ!" ಎಂದು ಕೂಗಿದ. ಸಚಿವೆಯ ಫೋನ್ ಗುನುಗಿತು.

"ಏನಮ್ಮಾ ಇದು ನಾಟಕ? ಕಾರು ತೆಗೀರಿ," ಪ್ರಧಾನಿಯ ದನಿ ಮೆಲ್ಲಗಿತ್ತು. ಅವರು ಮೆಲ್ಲಗೆ ಮಾತಾಡಿದರೆ ಯಾರದೋ ಕುರ್ಚಿ ಹೋಯಿತೆಂದೇ ಲೆಕ್ಕ.

"ಮುಚ್ಚೋಕೆ ಒಪ್ಪಿಗೆ ಕೊಡಿ ಸರ್, ತೆಗೀತೀನಿ."

"ಮಂತ್ರಿ ಕಾರು ಅಂತ ತಾನೇ ಪೊಲೀಸ್ರು ಕಾಯ್ತಿರೋದು? ಈಗಿಂದ ನೀವು ಮಂತ್ರಿ ಅಲ್ಲ."

ಸ್ವಲ್ಪ ಹೊತ್ತಿಗೆ ಬೆಂಗಾವಲಿನ ಇನ್‌ಸ್ಪೆಕ್ಟರ್ ಬಂದ. ಅವಳ ಮುಖ ನೋಡಲಾರದೆ ನೆಲ ನೋಡಿದ. "ಕ್ಷಮಿಸಿ ಮೇಡಂ. ದಾರಿ ಬಿಡಿಸ್ಬೇಕಂತೆ." ಕಾರಿನ ಮೂತಿಯ ಬಾವುಟ ಬಿಚ್ಚಿ ಜೇಬಿಗಿಟ್ಟುಕೊಂಡು ಸೀಟಿ ಕೈಗೆ ತೆಗೆದುಕೊಂಡ.

ಅವಳು ಇಳಿದಳು. ಆಚೆ ತುದಿಯಲ್ಲಿ, ಅವಳು ಫೋನಿನಲ್ಲಿ ಹೇಳಿದಂತೆ, ಎಂಜಿನಿಯರ್ ತನ್ನ ಜೀಪನ್ನು ಅಡ್ಡ ಹಾಕಿ ನಿಂತಿದ್ದ. ಆದರೆ ಈ ಕಡೆ? ಬಸ್ಸಿನ ಚಾಲಕ ಧಡಧಡ ಇಳಿದು ಬಂದ.

"ಎಷ್ಟೊತ್ತಮ್ಮಾ ನಿಮ್ದು? ನಮಗೇನು ಕೆಲ್ಸ ಇಲ್ವಾ?"

"ಸೇತುವೆ ಕಂಬ ಬಿರುಕು ಬಿಟ್ಟಿದೆಯಪ್ಪಾ. ಹೋಗಬೇಡಿ."

"ಆರ್ಡರ್ ಎಲ್ಲಿ?"

"ಇಲ್ಲ. ಆರ್ಡರ್ ಕೊಡೋಕೆ ಈಗ ನಾನು ಮಂತ್ರಿನೂ ಅಲ್ಲ."

ಅವನು ಬೋಳಾದ ಬಾವುಟದ ಕಡ್ಡಿ ನೋಡಿದ, ಅವಳನ್ನು ನೋಡಿದ. ಬಸ್ಸಿನ ಕಿಟಕಿಗಳಲ್ಲಿ ತುಂಬಿದ್ದ ಮುಖಗಳನ್ನೂ ನೋಡಿದ. ತಲೆ ಕೆರೆದುಕೊಂಡು ವಾಪಸ್ ಹೋಗಿ ಬಸ್ಸು ಹತ್ತಿದ. ಬಸ್ಸು ಗುರ್ರೆಂದು ಮುಂದೆ ಬಂತು. ಅವಳು ಕಣ್ಣು ಮುಚ್ಚಿಕೊಂಡಳು, ಜಾಗ ಬಿಟ್ಟು ಕದಲಲಿಲ್ಲ.

ಬಸ್ಸು ಅವಳ ಕಾರಿನ ಮಗ್ಗುಲಿಗೆ ಅಡ್ಡ ತಿರುಗಿ, ಉಳಿದಿದ್ದ ಸಂದನ್ನೂ ಮುಚ್ಚಿ ನಿಂತಿತು. ಎಂಜಿನ್ ಆರಿತು. ಅದರ ಹಿಂದಿನ ಲಾರಿಯದು, ಅದರ ಹಿಂದಿನದು. ಇನ್‌ಸ್ಪೆಕ್ಟರ್ ಸೀಟಿಯನ್ನು ತುಟಿಯವರೆಗೆ ಒಯ್ದು ಹಾಗೇ ಇಳಿಸಿದ. ರಸ್ತೆ ಪೂರಾ ನಿಶ್ಶಬ್ದವಾಯಿತು.

"ಏನೇ ಅದು, ನೀರಿಗೆ ಬಿದ್ದದ್ದು?" ಕಾರಿನೊಳಗಿಂದ ತಾಯಿ ಕೇಳಿದರು.

ಅವಳು ಸೇತುವೆಯಂಚಿನ ಕಟಾಂಜನ ಹಿಡಿದು ಬಗ್ಗಿದಳು. ನಡುಗಂಬದ ಬುಡದಿಂದ ನೀರಿನ ಉಂಗುರಗಳು ಒಂದರ ಹಿಂದೊಂದು ದಡದ ಕಡೆಗೆ ಬರುತ್ತಿದ್ದವು.